ಪುಟ್ಟ ಊರಿನ ದೊಡ್ಡ ತಂಡ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರದಂಚಿನಲ್ಲಿ, ಮಿಷಿಗನ್ ಮಹಾಸರೋವರದ ಒಂದು ಕೊಲ್ಲಿಯ ತುದಿಗೆ, ಗ್ರೀನ್ ಬೇ ಎಂಬ ಊರಿದೆ. ೨೦೨೦ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ ಒಂದು ಲಕ್ಷ ಏಳು ಸಾವಿರ ಚಿಲ್ಲರೆ. ಹೆಚ್ಚು ಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟು. ಕಾಗದದ ಗಿರಣಿಗಳು, ಮಾಂಸವನ್ನು ಹದಮಾಡಿ ತುಂಬುವ ಕಾರ್ಖಾನೆಗಳು, ಹಾಲು-ಗಿಣ್ಣುಗಳ ವ್ಯಾಪಾರ, ಚಳಿಗಾಲದಲ್ಲಿ ನೆಲ ಕಾಣದಂತೆ ಬೀಳುವ ಹಿಮ. ಇಷ್ಟೇ ಆಗಿದ್ದರೆ ಈ ಊರಿನ ಹೆಸರು ವಿಸ್ಕಾನ್ಸಿನ್ ರಾಜ್ಯದ ಎಲ್ಲೆಯನ್ನು ದಾಟುತ್ತಿರಲಿಲ್ಲ. ಆದರೆ ಈ ಊರಿಗೊಂದು ಫುಟ್‌ಬಾಲ್ ತಂಡವುಂಟು. ‘ಪ್ಯಾಕರ್ಸ್’ ಎಂಬ ಹೆಸರಿನ ಆ ತಂಡವು ನ್ಯೂಯಾರ್ಕ್, ಚಿಕಾಗೊ, ಡಲ್ಲಾಸ್ ಮೊದಲಾದ ಮಹಾನಗರಗಳ ಕುಬೇರರು ಸಾಕುವ ತಂಡಗಳಿಗೆ ಸರಿಸಮನಾಗಿ ನಿಂತು, ೧೩ ಬಾರಿ ರಾಷ್ಟ್ರದ ಅಗ್ರಸ್ಥಾನವನ್ನು ಗಳಿಸಿದೆ. ಅಮೆರಿಕದ ಬೇರಾವ ತಂಡವೂ ಇಷ್ಟು ಸಲ ಗೆದ್ದಿಲ್ಲ.

ಒಬ್ಬೊಬ್ಬ ಆಟಗಾರನಿಗೆ ವರ್ಷಕ್ಕೆ ಕೋಟಿಗಟ್ಟಲೆ ಸಂಬಳ ಸಲ್ಲುವ ಈ ಕಾಲದಲ್ಲಿ, ಇಂಥ ಊರು ಇಂಥ ತಂಡವನ್ನು ಹೇಗೆ ಸಾಕುತ್ತದೆ? ಉತ್ತರವನ್ನು ಆಟದ ಬಯಲಿನಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಕ್ಕೀತು. ಉಳಿದರ್ಧವಿರುವುದು ಮಾಲೀಕರೂ ಆಟಗಾರರ ಸಂಘವೂ ಮುಷ್ಕರ, ವ್ಯಾಜ್ಯ, ಬೀಗಮುದ್ರೆಗಳ ನಡುವೆ ಜಗ್ಗಾಡಿ ಬರೆದುಕೊಂಡ ಕರಾರು ಪತ್ರಗಳಲ್ಲಿ.

ಮೊದಲಿಗೆ ಒಂದು ಮಾತು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡು ದುಂಡಗಿಲ್ಲ, ಮೊಟ್ಟೆಯಾಕಾರ. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ತಲೆಗೆ ಶಿರಸ್ತ್ರಾಣ, ಹೆಗಲಿಗೆ ದಪ್ಪ ಮೆತ್ತೆ ಕಟ್ಟಿಕೊಂಡ ಆಜಾನುಬಾಹುಗಳು, ಕಡೆಗೆ ಹನ್ನೊಂದು ಮಂದಿಯಂತೆ, ಒಬ್ಬರನ್ನೊಬ್ಬರು ಕೆಡವುತ್ತ ಗಜ ಗಜವಾಗಿ ನೆಲವನ್ನು ಗೆಲ್ಲುವ ಕಾಳಗ ಅದು. ಮಂಡಿ ಮುರಿಯುವುದು, ತಲೆಗೆ ಪೆಟ್ಟು ಬೀಳುವುದು ಅಲ್ಲಿ ನಿತ್ಯದ ಮಾತು. ಬಹುಮಂದಿಯ ಆಟದ ಬಾಳು ಮೂರು ನಾಲ್ಕು ವರ್ಷಗಳಿಗೇ ಮುಗಿದುಹೋಗುತ್ತದೆ. ಸಂಬಳಕ್ಕಾಗಿ ಅವರು ಅಷ್ಟೊಂದು ಹೋರಾಡಿದ್ದೇಕೆಂಬುದು ಇದರಿಂದ ತಿಳಿದೀತು.

ಐದು ಡಾಲರಿನ ಷೇರು

೧೯೧೯ರಲ್ಲಿ ಕರ್ಲಿ ಲ್ಯಾಂಬೋ ಎಂಬ ತರುಣ, ತಾನು ಗುಮಾಸ್ತನಾಗಿದ್ದ ‘ಇಂಡಿಯನ್ ಪ್ಯಾಕಿಂಗ್ ಕಂಪನಿ’ಯಿಂದ ಉಡುಪಿಗೆಂದು ೫೦೦ ಡಾಲರುಗಳನ್ನು ಬೇಡಿ ಪಡೆದು ಈ ತಂಡವನ್ನು ಕಟ್ಟಿದ. (ಕಂಪನಿಯ ಹೆಸರನ್ನು ಕಂಡು ನಾವು ಹಿಗ್ಗಬೇಕಾಗಿಲ್ಲ, ಅದು ಮಾಂಸವನ್ನು ಡಬ್ಬಿಗೆ ತುಂಬುತ್ತಿದ್ದ ಅಲ್ಲಿಯದೇ ಸಂಸ್ಥೆ.) ಎರಡು ವರ್ಷಗಳ ಮೇಲೆ ತಂಡವು ಮುಂದೆ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಎನಿಸಿಕೊಂಡ ಒಕ್ಕೂಟವನ್ನು ಸೇರಿತು. ಆ ಕಾಲದ ಲೀಗಿನಲ್ಲಿ ಇದ್ದವೆಲ್ಲ ಬಹುಪಾಲು ಸಣ್ಣ ಊರುಗಳೇ: ಕ್ಯಾಂಟನ್, ರಾಕ್ ಐಲೆಂಡ್, ಡಲೂತ್, ಪಾಟ್ಸ್‌ವಿಲ್, ಪೋರ್ಟ್ಸ್‌ಮೌತ್. ಒಂದೊಂದಾಗಿ ಅವು ಹೇಳಹೆಸರಿಲ್ಲವಾದುವು. ಪೋರ್ಟ್ಸ್‌ಮೌತಿನ ತಂಡವನ್ನು ೧೯೩೪ರಲ್ಲಿ ಡಿಟ್ರಾಯ್ಟ್ ನಗರಕ್ಕೆ ಮಾರಲಾಯಿತು. ಗ್ರೀನ್ ಬೇ ಒಂದೇ ಉಳಿಯಿತು.

ಉಳಿದದ್ದು ಊರಿನವರ ಕೈಗುಣದಿಂದ. ೧೯೨೩ರಲ್ಲಿ ತಂಡದ ಬೊಕ್ಕಸ ಬರಿದಾದಾಗ, ಊರಿನ ವರ್ತಕರು ಸೇರಿ ಲಾಭರಹಿತ ಸಂಸ್ಥೆಯೊಂದನ್ನು ಸ್ಥಾಪಿಸಿ, ಐದು ಡಾಲರಿಗೊಂದರಂತೆ ಷೇರುಗಳನ್ನು ಮಾರಿದರು. ಮುಂದೆ ೧೯೩೫, ೧೯೫೦, ೧೯೯೭, ೨೦೧೧, ೨೦೨೧ರಲ್ಲಿ ಮತ್ತೆ ಮತ್ತೆ ಇದೇ ದಾರಿ ಹಿಡಿಯಬೇಕಾಯಿತು. ಇಂದು ಐದು ಲಕ್ಷಕ್ಕೂ ಹೆಚ್ಚು ಮಂದಿ ಷೇರುದಾರರಿದ್ದಾರೆ. ಈ ಷೇರಿನ ಸ್ವಾರಸ್ಯವನ್ನು ಕೇಳಿ: ಲಾಭಾಂಶವಿಲ್ಲ, ಮಾರಿ ಹಣ ಮಾಡಿಕೊಳ್ಳುವಂತಿಲ್ಲ, ಪಂದ್ಯದ ಟಿಕೀಟಿನಲ್ಲಿ ರಿಯಾಯಿತಿಯೂ ಇಲ್ಲ. ವರ್ಷಕ್ಕೊಮ್ಮೆ ಸಭೆಗೆ ಹೋಗಿ ಮತ ಹಾಕಬಹುದು. ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ೨೦೨೧ರಲ್ಲಿ ಇಂಥ ಷೇರೊಂದಕ್ಕೆ ಜನ ೩೦೦ ಡಾಲರು ತೆತ್ತರು. ತಂಡವನ್ನು ಎಂದಾದರೂ ಮಾರಿದರೆ ಬಂದ ಹಣವೆಲ್ಲ ಧರ್ಮಕಾರ್ಯಕ್ಕೆ ಸಲ್ಲತಕ್ಕದ್ದೆಂಬ ಕಟ್ಟಳೆಯೂ ಇದೆ. ಹೀಗಿರುವಾಗ ಮಾರುವ ಆಸೆ ಯಾರಿಗೆ ಹುಟ್ಟೀತು? ಬೇರೆ ಯಾವ ತಂಡವೂ ಈ ಬಗೆಯ ಒಡೆತನಕ್ಕೆ ಕೈಹಾಕಕೂಡದೆಂದು ಲೀಗು ನಿಯಮ ಮಾಡಿದೆ. ಗ್ರೀನ್ ಬೇ ಹಿಂದಿನಿಂದ ಬಂದದ್ದೆಂದು ಅದಕ್ಕೆ ಮಾತ್ರ ವಿನಾಯಿತಿ.

ಆದರೆ ಊರಿನ ಅಭಿಮಾನವೊಂದರಿಂದಲೇ ಹೊಟ್ಟೆ ತುಂಬದು. ಟೆಲಿವಿಷನ್ ಬಂದ ಮೇಲೆ ಹಣದ ಹೊಳೆ ದೊಡ್ಡ ನಗರಗಳ ಕಡೆಗೆ ಹರಿಯತೊಡಗಿತು. ನ್ಯೂಯಾರ್ಕಿನ ಲಕ್ಷಾಂತರ ಮನೆಗಳಿಗೆ ಪಂದ್ಯವನ್ನು ತೋರಿಸುವ ಹಕ್ಕಿಗೆ ಸಿಗುವ ಬೆಲೆಯೆಲ್ಲಿ, ಗ್ರೀನ್ ಬೇಯ ಹಕ್ಕಿಗೆ ಸಿಗುವ ಬೆಲೆಯೆಲ್ಲಿ! ೧೯೬೦ರಲ್ಲಿ ಲೀಗಿನ ಆಯುಕ್ತನಾದ ಪೀಟ್ ರೋಜೆಲ್, ಎಲ್ಲರ ಹಕ್ಕನ್ನೂ ಒಟ್ಟಾಗಿ ಮಾರಿ ಬಂದದ್ದನ್ನು ಸಮನಾಗಿ ಹಂಚಬೇಕೆಂದು ಪಟ್ಟುಹಿಡಿದ. ಆಶ್ಚರ್ಯವೆಂದರೆ ನ್ಯೂಯಾರ್ಕ್ ತಂಡದ ಒಡೆಯರಾದ ಮಾರಾ ಮನೆತನದವರೇ, ತಮಗೆ ಬರಬಹುದಾದ ಹೆಚ್ಚಿನ ಹಣವನ್ನು ಬಿಟ್ಟುಕೊಟ್ಟು, ಈ ಏರ್ಪಾಡಿಗೆ ಒಪ್ಪಿದರು. ದುರ್ಬಲ ತಂಡಗಳೊಡನೆ ಆಡಿ ಗೆದ್ದರೆ ನೋಡಲು ಬರುವವರು ಯಾರು ಎಂಬ ವಿವೇಕವೂ ಇದರಲ್ಲಿ ಇದ್ದಿರಬೇಕು. ನ್ಯಾಯಾಲಯ ಅಡ್ಡ ಬಂದಿತು. ಕಾಂಗ್ರೆಸ್ ಹೊಸ ಕಾನೂನು ಮಾಡಿತು. ೧೯೬೧ರ ಸೆಪ್ಟೆಂಬರ್ ೩೦ರಂದು ಅಧ್ಯಕ್ಷ ಕೆನೆಡಿ ಅದಕ್ಕೆ ಸಹಿ ಹಾಕಿದರು. ೧೯೬೨ರಲ್ಲಿ ವರ್ಷಕ್ಕೆ ೪೬ ಲಕ್ಷ ೫೦ ಸಾವಿರ ಡಾಲರು ಬಂದು, ೧೪ ತಂಡಗಳಿಗೂ ಸಮಪಾಲಾಯಿತು. ವಿನ್ಸ್ ಲೊಂಬಾರ್ಡಿಯ ಶಿಕ್ಷಣದಲ್ಲಿ ಗ್ರೀನ್ ಬೇ ವಿಜೃಂಭಿಸಿದ್ದು ಇದೇ ದಶಕದಲ್ಲಿ.

ಆಟಗಾರನ ಅಳಲು

ಹಣ ಹಂಚಿಕೊಂಡವರು ಮಾಲೀಕರು. ಆಟಗಾರನ ಪಾಡೇನು?

೧೯೫೬ರಲ್ಲಿ ಆಟಗಾರರ ಸಂಘ ಹುಟ್ಟಿದಾಗ ಅದರ ಬೇಡಿಕೆಗಳು ನೋಡಿದರೆ ಮರುಕವಾಗುತ್ತದೆ: ವರ್ಷಕ್ಕೆ ಕನಿಷ್ಠ ೫,೦೦೦ ಡಾಲರ್ ಸಂಬಳ, ಉಡುಪು ಸಲಕರಣೆಗಳ ಖರ್ಚು, ಗಾಯಗೊಂಡಾಗಲೂ ಸಂಬಳ. ಸಂಘಕ್ಕೆ ನಾಂದಿಯಾದದ್ದು ಇದೇ ಗ್ರೀನ್ ಬೇಯ ಆಟಗಾರರು ದಿನಕ್ಕೆರಡು ಬಾರಿಯ ಅಭ್ಯಾಸಕ್ಕೆ ಒಗೆದ ಕಾಲುಚೀಲ, ಒಗೆದ ಒಳಉಡುಪು ಬೇಕೆಂದು ಕೇಳಿದ ಸಂಗತಿ ಎಂದು ಸಂಘದವರೇ ಹೇಳಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ನೋವು ಬೇರೊಂದಿತ್ತು. ಕರಾರಿನ ಅವಧಿ ಮುಗಿದರೂ ಆಟಗಾರ ತನ್ನಿಚ್ಛೆಯಂತೆ ಬೇರೆ ತಂಡವನ್ನು ಸೇರುವಂತಿರಲಿಲ್ಲ. ಸೇರಿಸಿಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರ ಕಟ್ಟಿಕೊಡಬೇಕು. ಎಷ್ಟೆಂಬುದನ್ನು ಆಯುಕ್ತನೇ ತೀರ್ಮಾನಿಸುವನು. ಆ ಭಯಕ್ಕೆ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ.

ಈ ಬಂಧನವೇ ಸಣ್ಣ ಊರುಗಳಿಗೆ ರಕ್ಷೆ ಎಂದು ಮಾಲೀಕರು ವಾದಿಸುತ್ತಿದ್ದರು. ಬಾಗಿಲು ತೆರೆದರೆ ಒಳ್ಳೆಯ ಆಟಗಾರರೆಲ್ಲ ಬಿಸಿಲೂ ಬೆಳಕೂ ಇರುವ ನಗರಗಳಿಗೆ ಓಡಿಹೋಗುತ್ತಾರೆ ಎಂದು. ವಾದದಲ್ಲಿ ಹುರುಳಿಲ್ಲದಿಲ್ಲ, ಆದರೆ ಊರನ್ನು ಉಳಿಸುವ ವೆಚ್ಚವನ್ನೆಲ್ಲ ಆಟಗಾರನೊಬ್ಬನೇ ಏಕೆ ಹೊರಬೇಕೆಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಮೇಲಾಗಿ ರಕ್ಷೆಯಾದರೂ ಫಲಿಸಿತೇ? ಲೊಂಬಾರ್ಡಿ ಬಿಟ್ಟ ಮೇಲೆ, ೧೯೬೮ರಿಂದ ೧೯೯೧ರವರೆಗಿನ ೨೪ ವರ್ಷಗಳಲ್ಲಿ ಗ್ರೀನ್ ಬೇ ಅಂತಿಮ ಸುತ್ತುಗಳ ಹೊಸ್ತಿಲನ್ನು ತುಳಿದದ್ದು ಎರಡೇ ಬಾರಿ. ಬೇರೆ ಊರಿನ ಶಿಕ್ಷಕರು ಹದ್ದುಮೀರಿದ ಆಟಗಾರನನ್ನು ‘ಗ್ರೀನ್ ಬೇಗೆ ಕಳಿಸಿಬಿಡುತ್ತೇನೆ’ ಎಂದು ಹೆದರಿಸುತ್ತಿದ್ದರೆಂದು ಪ್ರತೀತಿ.

ಆಟಗಾರರು ೧೯೮೨ರಲ್ಲಿ ೫೭ ದಿನ ಮುಷ್ಕರ ಹೂಡಿದರು. ೧೯೮೭ರಲ್ಲಿ ಮತ್ತೆ ಹೂಡಿದಾಗ ಮಾಲೀಕರು ಬದಲಿ ಆಟಗಾರರನ್ನು ಕಟ್ಟಿಕೊಂಡು ಪಂದ್ಯಗಳನ್ನು ನಡೆಸಿಯೇಬಿಟ್ಟರು. ೨೪ ದಿನಗಳಿಗೆ ಮುಷ್ಕರ ಮುರಿದುಬಿತ್ತು. ಬಯಲಿನಲ್ಲಿ ಸೋತವರು ನ್ಯಾಯಾಲಯದ ಮೆಟ್ಟಿಲೇರಿದರು. ಫುಟ್‌ಬಾಲ್ ಕೂಡ ವ್ಯಾಪಾರವೇ, ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೫೭ರಲ್ಲೇ ತೀರ್ಪಿತ್ತಿತ್ತು. ೧೯೯೨ರಲ್ಲಿ ಮಿನ್ನಿಯಾಪೊಲಿಸ್‌ನ ಪಂಚಾಯಿತರು, ಆಟಗಾರರನ್ನು ಕಟ್ಟಿಹಾಕುವ ಲೀಗಿನ ನಿಯಮ ಕಾನೂನುಬಾಹಿರವೆಂದು ಸಾರಿದರು. ಮಾಲೀಕರಿಗೆ ಇನ್ನು ಮಾತುಕತೆಗೆ ಕೂರದೆ ಗತಿಯಿರಲಿಲ್ಲ.

೧೯೯೩ರ ಕರಾರು

ಹೀಗೆ ಹುಟ್ಟಿತು ೧೯೯೩ರ ಕರಾರು. ಕೊಡುಕೊಳ್ಳುವಿಕೆ ಸರಳವಾಗಿತ್ತು. ಕೆಲವು ವರ್ಷ ಆಡಿ ಅವಧಿ ಮುಗಿಸಿದ ಆಟಗಾರ ಮನಸ್ಸು ಬಂದ ತಂಡವನ್ನು ಸೇರಬಹುದು. ಅದಕ್ಕೆ ಪ್ರತಿಯಾಗಿ, ಯಾವ ತಂಡವೂ ವರ್ಷಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಸಂಬಳಕ್ಕೆ ವ್ಯಯಿಸಕೂಡದು. ಮೇಲ್ಮಿತಿ ಜಾರಿಗೆ ಬಂದ ೧೯೯೪ರಲ್ಲಿ ಅದು ೩ ಕೋಟಿ ೪೬ ಲಕ್ಷ ಡಾಲರಾಗಿತ್ತು. ೨೦೨೫ರಲ್ಲಿ ೨೭ ಕೋಟಿ ೯೨ ಲಕ್ಷ. ಲೀಗಿನ ಒಟ್ಟು ವರಮಾನದಲ್ಲಿ ಆಟಗಾರರಿಗೆ ಗೊತ್ತಾದ ಪಾಲು. ಆ ಪಾಲನ್ನು ತಂಡಗಳ ಸಂಖ್ಯೆಯಿಂದ ಭಾಗಿಸಿದರೆ ಮಿತಿ ದೊರೆಯುತ್ತದೆ.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಊರಿನ ಸಕ್ಕರೆ ಗಿರಣಿಗಳ ಮಾಲೀಕರೆಲ್ಲ ಒಳಗೊಳಗೇ ಸೇರಿ, ‘ಕೂಲಿಯವನಿಗೆ ಇದಕ್ಕಿಂತ ಹೆಚ್ಚು ಯಾರೂ ಕೊಡತಕ್ಕದ್ದಲ್ಲ’ ಎಂದು ಒಪ್ಪಿಕೊಂಡರೆ ಅದು ಅಪರಾಧ. ಫುಟ್‌ಬಾಲ್ ಮಾಲೀಕರು ತಾವೇ ಮೇಲ್ಮಿತಿ ಹಾಕಿಕೊಂಡರೂ ಹಾಗೆಯೇ. ಅದೇ ಮಿತಿಯನ್ನು ಕಾರ್ಮಿಕ ಸಂಘದೊಡನೆ ಕೂತು ಕರಾರಿನ ಮೂಲಕ ಬರೆದುಕೊಂಡರೆ ಮಾತ್ರ ಕಾನೂನು ಅದನ್ನು ಮನ್ನಿಸುತ್ತದೆ. ಎಂದರೆ, ಗ್ರೀನ್ ಬೇಯಂಥ ಊರನ್ನು ಡಲ್ಲಾಸಿನ ಹಣದ ಥೈಲಿಯಿಂದ ಕಾಪಾಡುವ ಗೋಡೆ ನಿಂತಿರುವುದು ಆಟಗಾರರ ಸಹಿಯ ಮೇಲೆ. ನಮ್ಮ ಐ.ಪಿ.ಎಲ್. ಕ್ರಿಕೆಟ್ಟಿನ ಹರಾಜಿನಲ್ಲೂ ಪ್ರತಿ ತಂಡಕ್ಕೆ ಇಷ್ಟೇ ಹಣವೆಂಬ ಕಟ್ಟಳೆಯುಂಟು, ೨೦೨೫ರ ಪಂದ್ಯಾವಳಿಗೆ ೧೨೦ ಕೋಟಿ ರೂಪಾಯಿ. ಆದರೆ ಅದು ಆಟಗಾರರ ಸಂಘದೊಡನೆ ಮಾಡಿಕೊಂಡ ಕರಾರಲ್ಲ, ಮೇಲಿನಿಂದ ವಿಧಿಸಿದ್ದು.

ಕರಾರು ಜಾರಿಗೆ ಬಂದಾಗ ಗ್ರೀನ್ ಬೇಯಲ್ಲಿ ಭಯ ಕವಿಯಿತು. ಈ ಹಿಮದ ಊರಿಗೆ, ಅದರಲ್ಲೂ ಕರಿಯರು ಬೆರಳೆಣಿಕೆಯಷ್ಟಿದ್ದ ಊರಿಗೆ, ತಾನಾಗಿ ಯಾವ ಆಟಗಾರ ಬಂದಾನು? ಆ ವರ್ಷ ಬಿಡುಗಡೆ ಪಡೆದವರಲ್ಲಿ ಎಲ್ಲರ ಕಣ್ಣೂ ರೆಜಿ ವೈಟ್ ಎಂಬ ಕರಿಯ ಆಟಗಾರನ ಮೇಲಿತ್ತು. ಭೀಮಕಾಯ, ಜೊತೆಗೆ ಕ್ರೈಸ್ತ ಧರ್ಮಬೋಧಕ. ಆಟಗಾರರ ಸ್ವಾತಂತ್ರ್ಯಕ್ಕಾಗಿ ಹೂಡಿದ ದಾವೆಯಲ್ಲಿ ವಾದಿಯಾಗಿ ಹೆಸರು ಕೊಟ್ಟವನೂ ಅವನೇ. ಊರೂರಿನ ತಂಡಗಳು ರತ್ನಗಂಬಳಿ ಹಾಸಿ ಅವನನ್ನು ಕರೆದುವು. ೧೯೯೩ರ ಏಪ್ರಿಲಿನಲ್ಲಿ ಅವನು ನಾಲ್ಕು ವರ್ಷಕ್ಕೆ ೧ ಕೋಟಿ ೭೦ ಲಕ್ಷ ಡಾಲರಿಗೆ ಸಹಿ ಹಾಕಿದ್ದು ಗ್ರೀನ್ ಬೇಯ ಕಾಗದಕ್ಕೆ! ಅಷ್ಟು ಹಣವನ್ನು ಈ ಸಣ್ಣ ಊರು ಮುಂದಿಡಬಲ್ಲುದಾಗಿದ್ದದ್ದೇ ಸಮಪಾಲಿನ ಟೆಲಿವಿಷನ್ ವರಮಾನದಿಂದ. ವೈಟ್ ಬಂದ ಮೇಲೆ ಇತರರೂ ಬಂದರು. ೧೯೯೭ರ ಜನವರಿ ೨೬ರಂದು, ೨೯ ವರ್ಷಗಳ ತರುವಾಯ, ಪ್ಯಾಕರ್ಸ್ ತಂಡವು ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಮತ್ತೆ ಗೆದ್ದಿತು. ಆ ದಿನ ಎದುರಾಳಿಯ ಚೆಂಡೆಸೆಗಾರನನ್ನು ವೈಟ್ ಮೂರು ಬಾರಿ ನೆಲಕ್ಕೆ ಕೆಡವಿದ. ಸಣ್ಣ ಊರಿಗೆ ಮಾರಿಯಾದೀತೆಂದು ಹೆದರಿದ್ದ ಸ್ವಾತಂತ್ರ್ಯವೇ ಅದಕ್ಕೆ ವರವಾಯಿತು.

ಅದೇ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ಬೇಸ್‌ಬಾಲ್ ತಂಡವೊಂದಿದೆ. ಆ ಆಟದ ಮಾಲೀಕರೂ ಮೇಲ್ಮಿತಿ ಬೇಕೆಂದು ಹಟ ಹಿಡಿದರು. ಆಟಗಾರರು ೧೯೯೪ರಲ್ಲಿ ಮುಷ್ಕರ ಹೂಡಿ, ಆ ವರ್ಷದ ವಿಶ್ವ ಸರಣಿಯೇ ನಡೆಯದಂತಾಯಿತು. ಮಿತಿ ಮಾತ್ರ ಬರಲಿಲ್ಲ. ಇಂದಿಗೂ ಅಲ್ಲಿ ನ್ಯೂಯಾರ್ಕ್, ಲಾಸ್ ಏಂಜಲೀಸ್ ತಂಡಗಳು ಸಂಬಳಕ್ಕೆ ಸುರಿಯುವ ಹಣ ಸಣ್ಣ ನಗರದ ತಂಡಗಳದರ ಹಲವು ಪಟ್ಟು.

ಮಿತಿಯ ಇನ್ನೊಂದು ಮಗ್ಗುಲು

ಇಷ್ಟಕ್ಕೇ ಕಥೆ ಸುಖಾಂತವಾಗಲಿಲ್ಲ. ಮೇಲ್ಮಿತಿಯ ಲೆಕ್ಕದಲ್ಲೇ ಒಂದು ತೊಡಕು ಅಡಗಿದೆ. ಟೆಲಿವಿಷನ್ ಹಣ ಎಲ್ಲರಿಗೂ ಸಮ. ಆದರೆ ಕ್ರೀಡಾಂಗಣದ ಶ್ರೀಮಂತ ಕೊಠಡಿಗಳ ಬಾಡಿಗೆ, ಜಾಹೀರಾತು, ಊಟೋಪಚಾರಗಳ ವರಮಾನ ಆಯಾ ತಂಡದ್ದೇ. ಈ ಸ್ವಂತ ವರಮಾನವನ್ನು ಹಂಚುವುದಿಲ್ಲ, ಆದರೆ ಮಿತಿಯನ್ನು ಗೊತ್ತುಮಾಡುವ ಒಟ್ಟು ಮೊತ್ತದಲ್ಲಿ ಸೇರಿಸುತ್ತಾರೆ. ಪರಿಣಾಮ? ಡಲ್ಲಾಸಿನ ತಂಡ ನೂರು ಕೋಟಿ ಡಾಲರಿಗೂ ಮಿಗಿಲಾದ ವೆಚ್ಚದಲ್ಲಿ ೨೦೦೯ರಲ್ಲಿ ತೆರೆದ ಅರಮನೆಯಂಥ ಕ್ರೀಡಾಂಗಣದಿಂದ ಹೆಚ್ಚು ಗಳಿಸಿದರೆ, ಮಿತಿ ಏರುತ್ತದೆ; ಮಿತಿ ಏರಿದರೆ ಗ್ರೀನ್ ಬೇಯ ಸಂಬಳದ ಪಟ್ಟಿಯೂ ಏರುತ್ತದೆ. ಗಳಿಕೆ ಅಲ್ಲಿ, ಖರ್ಚು ಇಲ್ಲಿ. ಸುಮ್ಮನೆ ಕಡಿಮೆ ಕೊಟ್ಟು ಉಳಿಸೋಣವೆಂದರೆ ಅದಕ್ಕೂ ಎಡೆಯಿಲ್ಲ. ೨೦೧೧ರ ಕರಾರಿನಲ್ಲಿ, ಮಿತಿಯ ೧೦೦ಕ್ಕೆ ೮೯ರಷ್ಟನ್ನಾದರೂ ನಾಲ್ಕು ವರ್ಷಗಳ ಸರಾಸರಿಯಲ್ಲಿ ವ್ಯಯಿಸಲೇಬೇಕೆಂದು ಬರೆಯಲಾಯಿತು. ೨೦೨೦ರ ಕರಾರು ಅದನ್ನು ೯೦ಕ್ಕೆ ಏರಿಸಿತು. ಆಟಗಾರರ ದೃಷ್ಟಿಯಿಂದ ಇದು ನ್ಯಾಯವೇ. ಟೆಲಿವಿಷನ್ ಹಣವನ್ನು ಜೇಬಿಗಿಳಿಸಿ ತಂಡವನ್ನು ಸೊರಗಿಸುವ ಜಿಪುಣ ಮಾಲೀಕರೂ ಇಲ್ಲದಿಲ್ಲವಷ್ಟೆ.

ಇದಕ್ಕೆ ಗ್ರೀನ್ ಬೇ ಕಂಡುಕೊಂಡ ಉಪಾಯ ತನ್ನ ಕ್ರೀಡಾಂಗಣವನ್ನೇ ಹಿಗ್ಗಿಸುವುದು. ೨೦೦೦ದ ಸೆಪ್ಟೆಂಬರಿನಲ್ಲಿ ಜಿಲ್ಲೆಯ ಜನರ ಮತ ಕೇಳಿದರು: ಲ್ಯಾಂಬೋ ಕ್ರೀಡಾಂಗಣದ ನವೀಕರಣಕ್ಕಾಗಿ ೧೦೦ಕ್ಕೆ ಅರ್ಧದಷ್ಟು ಮಾರಾಟ ತೆರಿಗೆ ತೆರುವಿರಾ? ೧೦೦ಕ್ಕೆ ೫೩ ಮಂದಿ ಹೌದೆಂದರು, ೪೭ ಮಂದಿ ಒಲ್ಲೆವೆಂದರು. ೨೦೧೫ರವರೆಗೆ ಸೋಪು, ಚಪ್ಪಲಿ ಕೊಂಡವರೆಲ್ಲ, ಆಟದ ಗಂಧವಿಲ್ಲದ ಮುದುಕಿಯೂ ಸೇರಿ, ಆ ತೆರಿಗೆ ತೆತ್ತರು. ಲೀಗಿನ ಕರಾರಿನ ಬಿಸಿ ಮನೆವಾರ್ತೆಗೂ ತಟ್ಟಿದ ಬಗೆ ಇದು.

ದೊಡ್ಡ ತಂಡ–ಸಣ್ಣ ತಂಡಗಳ ಈ ಒಳಜಗಳ ೨೦೦೬ರಲ್ಲಿ ಬಯಲಾಯಿತು. ಆ ವರ್ಷದ ಕರಾರು ಆಟಗಾರರ ಪಾಲನ್ನು ಹೆಚ್ಚಿಸಿತು. ಕಡಿಮೆ ವರಮಾನದ ತಂಡಗಳಿಗೆ ಶ್ರೀಮಂತ ತಂಡಗಳು ಸ್ವಲ್ಪ ನೆರವು ನೀಡುವ ಏರ್ಪಾಡೂ ಅದರೊಡನೆ ಬಂದಿತು. ೩೦ ಮಾಲೀಕರು ಒಪ್ಪಿದರು. ವಿರೋಧಿಸಿದವರು ಇಬ್ಬರೇ: ಬಫಲೊ ಮತ್ತು ಸಿನ್‌ಸಿನಾಟಿಯವರು. ಇಬ್ಬರದೂ ಸಣ್ಣ ನಗರವೇ. ಕರಾರು ತನಗೆ ಅರ್ಥವೇ ಆಗಲಿಲ್ಲವೆಂದು ಬಫಲೊ ತಂಡದ ವೃದ್ಧ ಮಾಲೀಕ ರಾಲ್ಫ್ ವಿಲ್ಸನ್ ಬಹಿರಂಗವಾಗಿ ಹೇಳಿದಾಗ ಹಲವರು ನಕ್ಕರು. ಎರಡೇ ವರ್ಷಗಳಲ್ಲಿ ಉಳಿದ ಮಾಲೀಕರೂ ಕರಾರಿನಿಂದ ಹೊರಬರಲು ತೀರ್ಮಾನಿಸಿದಾಗ ನಗೆ ಯಾರ ಪಾಲಿಗಾಯಿತೋ!

ಅದರ ಫಲವಾಗಿ ೨೦೧೦ರ ಋತುವಿಗೆ ಮೇಲ್ಮಿತಿಯೇ ಇರಲಿಲ್ಲ. ವಿನೋದವೆಂದರೆ ಆ ವರ್ಷವೇ ಗ್ರೀನ್ ಬೇ ಮತ್ತು ಪಿಟ್ಸ್‌ಬರ್ಗ್ ಎಂಬ ಎರಡು ಸಣ್ಣ ಊರಿನ ತಂಡಗಳು ಅಂತಿಮ ಪಂದ್ಯಕ್ಕೆ ಬಂದುವು; ಅದೂ ಡಲ್ಲಾಸಿನ ಅದೇ ಅರಮನೆಯಲ್ಲಿ. ೨೦೧೧ರ ಫೆಬ್ರವರಿ ೬ರಂದು ಗ್ರೀನ್ ಬೇ ೩೧–೨೫ರಿಂದ ಗೆದ್ದಿತು. ಮುಂದಿನ ತಿಂಗಳು, ಮಾರ್ಚ್ ೧೨ರಂದು, ಮಾಲೀಕರು ಆಟಗಾರರಿಗೆ ಬೀಗಮುದ್ರೆ ಹಾಕಿದರು.

ಎರಡೂ ಕಡೆ ಕುಳಿತವರು

ಈ ಬೀಗಮುದ್ರೆಯ ಕಾಲದಲ್ಲಿ ಗ್ರೀನ್ ಬೇಯ ಲೆಕ್ಕದ ಪುಸ್ತಕಕ್ಕೆ ಎಲ್ಲಿಲ್ಲದ ಬೆಲೆ ಬಂದಿತು. ಉಳಿದ ೩೧ ತಂಡಗಳ ಲೆಕ್ಕ ಖಾಸಗಿ. ‘ನಷ್ಟವೆನ್ನುತ್ತೀರಿ, ಪುಸ್ತಕ ತೋರಿಸಿ’ ಎಂದು ಸಂಘ ಕೇಳಿದರೂ ಮಾಲೀಕರು ಪೂರ್ತಿ ತೋರಿಸಲೊಲ್ಲರು. ಷೇರುದಾರರ ತಂಡವಾದ್ದರಿಂದ ಪ್ಯಾಕರ್ಸ್ ಮಾತ್ರ ಪ್ರತಿ ವರ್ಷ ಲೆಕ್ಕವನ್ನು ಬಹಿರಂಗಪಡಿಸುತ್ತದೆ. ೨೦೧೦ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಅದರ ವ್ಯವಹಾರದ ಲಾಭ ೨ ಕೋಟಿ ೧ ಲಕ್ಷ ಡಾಲರಿನಿಂದ ೯೮ ಲಕ್ಷಕ್ಕೆ ಇಳಿದಿತ್ತು. ಸಂಬಳದ ಭಾರಕ್ಕೆ ಇದೇ ಸಾಕ್ಷಿ ಎಂದರು ಮಾಲೀಕರು. ಅತಿ ಸಣ್ಣ ಊರಿನ ತಂಡಕ್ಕೇ ಲಾಭವಿರುವಾಗ ಉಳಿದವರಿಗೇನು ದಾಡಿ ಎಂದಿತು ಸಂಘ.

ಆಗ ಪ್ಯಾಕರ್ಸ್ ಸಂಸ್ಥೆಯ ಅಧ್ಯಕ್ಷನಾಗಿದ್ದವನು ಮಾರ್ಕ್ ಮರ್ಫಿ. ಆತ ಹಿಂದೆ ವಾಷಿಂಗ್ಟನ್ ತಂಡದ ಆಟಗಾರ. ೧೯೮೨ರ ಮುಷ್ಕರದಲ್ಲಿ ಆಟಗಾರರ ಪರವಾಗಿ ಮಾತುಕತೆಗೆ ಕುಳಿತವನು. ಆಟ ಬಿಟ್ಟ ಮೇಲೆ ಸಂಘದಲ್ಲೇ ಉದ್ಯೋಗಿಯಾಗಿದ್ದವನು. ೨೦೧೧ರಲ್ಲಿ ಅದೇ ಮೇಜಿನ ಎದುರು ಬದಿಯಲ್ಲಿ, ಮಾಲೀಕರ ಸಾಲಿನಲ್ಲಿ ಅವನು ಕುಳಿತ. ಮಾಲೀಕನೇ ಇಲ್ಲದ ತಂಡದ ಪ್ರತಿನಿಧಿ ಮಾಲೀಕರ ಪರವಾಗಿ ವಾದಿಸಿದ್ದು ಸೋಜಿಗವಲ್ಲವೆ! ಜುಲೈ ೨೫ಕ್ಕೆ ಒಪ್ಪಂದವಾಯಿತು. ಆಟಗಾರರ ಪಾಲು ಕುಗ್ಗಿತು. ಆದರೆ ಸಣ್ಣ ತಂಡಗಳಿಗೆ ನಿಜವಾಗಿ ಒದಗಿದ್ದು ಬೇರೊಂದು ನಿಯಮ. ಸೋತ ತಂಡಕ್ಕೆ ಹೊಸ ಆಟಗಾರರನ್ನು ಮೊದಲು ಆರಿಸುವ ಹಕ್ಕುಂಟು. ೨೦೧೦ರಲ್ಲಿ ಮೊದಲು ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ, ವೃತ್ತಿಪಂದ್ಯ ಒಂದನ್ನೂ ಆಡುವ ಮುನ್ನವೇ, ೭ ಕೋಟಿ ೮೦ ಲಕ್ಷ ಡಾಲರಿನ ಕರಾರು ದೊರೆತಿತ್ತು. ಹೊಸಬರ ಸಂಬಳಕ್ಕೆ ಕಟ್ಟುಬಿದ್ದ ಮೇಲೆ, ಮರುವರ್ಷ ಮೊದಲಿಗನಾದ ಕ್ಯಾಮ್ ನ್ಯೂಟನ್‌ಗೆ ೨ ಕೋಟಿ ೨೦ ಲಕ್ಷ.

ಹಾಗಾದರೆ ಕರಾರೊಂದರಿಂದಲೇ ಸಣ್ಣ ಊರು ಬದುಕೀತೆ? ಇಲ್ಲವೆಂದೇ ತೋರುತ್ತದೆ. ಸಂಬಳದ ಮಿತಿ ಇದ್ದಾಗಲೂ ಸೇಂಟ್ ಲೂಯಿಯ ತಂಡ ೨೦೧೬ರಲ್ಲಿ, ಸ್ಯಾನ್ ಡಿಯಾಗೊದ್ದು ೨೦೧೭ರಲ್ಲಿ ಲಾಸ್ ಏಂಜಲೀಸಿಗೆ ಹೊರಟುಹೋದುವು. ಓಕ್ಲಂಡಿನದು ೨೦೨೦ರಲ್ಲಿ ಲಾಸ್ ವೇಗಾಸ್ ಸೇರಿತು. ಮಾಲೀಕನಿಗೆ ಇನ್ನೂ ದೊಡ್ಡ ಕ್ರೀಡಾಂಗಣ ಸಿಕ್ಕರೆ ಅಭಿಮಾನಿಗಳ ಕಣ್ಣೀರಿಗೆ ಬೆಲೆಯೇನು? ಗ್ರೀನ್ ಬೇಯ ತಂಡವನ್ನು ಗಾಡಿಗೆ ಹೇರಿಕೊಂಡು ಹೋಗಲು ಯಾರೂ ಇಲ್ಲ. ಐದು ಡಾಲರಿನ ಷೇರು ಮಾಡಿದ ಕೆಲಸವನ್ನು ನೂರಾರು ಪುಟಗಳ ಕರಾರು ಮಾಡಲಾರದು. ಆದರೆ ಕರಾರಿಲ್ಲದಿದ್ದರೆ ಷೇರುದಾರರ ಕೈಯಲ್ಲಿ ಉಳಿಯುತ್ತಿದ್ದುದು ಸೋಲುವ ತಂಡ.

೨೦೨೫ರ ಮಾರ್ಚಿಗೆ ಮುಗಿದ ವರ್ಷದ ಲೆಕ್ಕ ಹೀಗಿದೆ: ಲೀಗಿನ ಸಮಪಾಲು ೪೩ ಕೋಟಿ ೨೬ ಲಕ್ಷ ಡಾಲರು, ಒಟ್ಟು ವರಮಾನ ಸುಮಾರು ೭೨ ಕೋಟಿ. ಆ ಋತುವಿನ ಸಂಬಳದ ಮಿತಿ ೨೫ ಕೋಟಿ ೫೪ ಲಕ್ಷ. ಟಿಕೀಟು ಒಂದೂ ಮಾರದಿದ್ದರೂ ಆಟಗಾರರ ಸಂಬಳಕ್ಕೆ ಕೊರತೆಯಿಲ್ಲ. ಆದರೂ ಇತರ ತಂಡಗಳಿಗೆ ಕಷ್ಟಕಾಲದಲ್ಲಿ ಬೇರೆ ಉದ್ಯಮದಿಂದ ಹಣ ತಂದು ಸುರಿಯುವ ಧಣಿಯಿದ್ದಾನೆ, ಪ್ಯಾಕರ್ಸ್‌ಗೆ ಅಂಥವನಿಲ್ಲ. ಒಳ್ಳೆಯ ಆಟಗಾರನೊಬ್ಬ ಸಹಿ ಹಾಕುವಾಗ ಕೊಡುವ ಇನಾಮನ್ನು ಮಿತಿಯ ಲೆಕ್ಕದಲ್ಲಿ ಹಲವು ವರ್ಷಗಳಿಗೆ ಹರಡಬಹುದಾದರೂ, ನಗದನ್ನು ಅಂದೇ ಎಣಿಸಬೇಕು. ಅದಕ್ಕಾಗಿಯೇ ಸಂಸ್ಥೆ ೫೦ ಕೋಟಿ ಡಾಲರಿಗೂ ಮಿಕ್ಕ ಆಪದ್ಧನವನ್ನು ಕೂಡಿಟ್ಟಿದೆ.

ಈಗಿನ ಕರಾರನ್ನು ಆಟಗಾರರು ೨೦೨೦ರ ಮಾರ್ಚಿನಲ್ಲಿ ಅಂಗೀಕರಿಸಿದ್ದು ೧,೦೧೯ಕ್ಕೆ ೯೫೯ ಮತಗಳಿಂದ. ಅಂತರ ಕೇವಲ ೬೦. ಋತುವಿಗೆ ಹದಿನೇಳನೆಯ ಪಂದ್ಯ ಸೇರಿಕೊಂಡದ್ದು ಇದರಿಂದಲೇ. ಮೈ ಇನ್ನೆಷ್ಟು ಪೆಟ್ಟು ತಿಂದೀತೆಂದು ವಿರೋಧಿಸಿದವರು ಹಲವರು. ವಿರುದ್ಧ ಮತ ಹಾಕಿದೆನೆಂದು ಬಹಿರಂಗವಾಗಿ ಹೇಳಿದವರಲ್ಲಿ ಗ್ರೀನ್ ಬೇಯ ಅಂದಿನ ನಾಯಕಮಣಿ ಏರನ್ ರಾಜರ್ಸ್ ಒಬ್ಬ. ಕರಾರಿನ ಅವಧಿ ೨೦೩೦ರ ಋತುವಿನ ಕೊನೆಯವರೆಗೆ. ಮರ್ಫಿ ೨೦೨೫ರ ಜುಲೈನಲ್ಲಿ ನಿವೃತ್ತನಾಗಿ, ಅವನ ಸ್ಥಾನಕ್ಕೆ ಎಡ್ ಪಾಲಿಸಿ ಬಂದಿದ್ದಾನೆ. ಮಾಲೀಕರು ಈಗಾಗಲೇ ಹದಿನೆಂಟನೆಯ ಪಂದ್ಯದ ಮಾತೆತ್ತಿದ್ದಾರೆ.